ಬಾಡಿಗೆಯ ಹುಡುಗಿಗೆ ಉಡಿಯಕ್ಕಿ

ಬಳ್ಳಾರಿ

ಪರದೇಶಕ್ಕೆ ಹೋಗಿ ಬಂದವರು ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನಾನು ವಿಮಾನ ಹತ್ತಲಿಲ್ಲ. ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ, ನಾನು ಹೋದ ದೇಶ ಅದನ್ನು ಕೇಳಲೂ ಇಲ್ಲ. "ನೇಪಾಳ ಫಾರಿನ್ ಹೆಂಗಾಗ್ತೈತ್ರಿ? ವೋಟರ್ ಕಾರ್ಡ್ ತೋರಿಸಿದ್ರ ಬಿಡ್ತಾರಂತ" ಎಂದು ಎದುರುಮನೆಯಾಕೆ ನಾನು ಹೊರಡುವ ಮೊದಲೇ ನನ್ನ ಪ್ರವಾಸದ ಗಾಳಿ ತೆಗೆದಳು. ಆಕೆ ಏನಾದರೂ ಅನ್ನಲಿ. ರೈಲಿನಲ್ಲಿ ಕೂತು, ಮಲಗಿ, ಮತ್ತೆ ಕೂತು, ಬಸ್ಸಿನಲ್ಲಿ ಮುದುಡಿಕೊಂಡು, ಗುಡ್ಡ ಹತ್ತಿ ಇಳಿದು ಬಂದ ನನ್ನ ಮೊಣಕಾಲುಗಳನ್ನು ಕೇಳಿದರೆ ಅದು ಪರದೇಶವೇ ಎನ್ನುತ್ತವೆ.

ಹೋದದ್ದು ಬಿಮಲಾಳ ಮದುವೆಗೆ. ಬಿಮಲಾ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮೂರು ವರ್ಷ ನಮ್ಮ ಮುಂದಿನ ಕೋಣೆಯಲ್ಲಿದ್ದು ಹೋದ ಬೇಸಿಗೆಯಲ್ಲಿ ತನ್ನ ದೇಶಕ್ಕೆ ಮರಳಿದಳು.

ಆ ಕೋಣೆಗೂ ಒಂದು ಚರಿತ್ರೆ ಇದೆ. ನನ್ನ ಗಂಡನದು ಬ್ರೂಸ್‌ಪೇಟೆಯಲ್ಲಿ ಗೋಣಿಚೀಲದ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಖಾಲಿ ಚೀಲದ ಕಟ್ಟುಗಳೆಲ್ಲ ಮನೆಯ ಮುಂದಿನ ಕೋಣೆಗೆ ಬಂದು ಬೀಳುತ್ತಿದ್ದವು. ಆ ಧೂಳಿಗೆ ನನಗೆ ಕೆಮ್ಮು ಹತ್ತಿದ ಮೇಲೆ ಹಟ ಹಿಡಿದು ಖಾಲಿ ಮಾಡಿಸಿದೆ. ಸುಣ್ಣ ಹೊಡೆಸಿ, ಮಂಚ ಹಾಕಿ, ಬಾಡಿಗೆಗೆ ಕೊಡುತ್ತೇನೆ ಎಂದೆ. ಬಂದವರಿಗೆ ನನ್ನ ಷರತ್ತುಗಳು ಸಿದ್ಧವಾಗಿದ್ದವು. ಮೋಟರ್ ಹಾಕಿ ಮರೆಯಬಾರದು. ಮಾಂಸ ಬೇಯಿಸಬಾರದು. ಗೇಟಿನ ಚಿಲಕ ಹಾಕಬೇಕು. ನೆಂಟರನ್ನು ತಂದು ವಾರಗಟ್ಟಲೆ ಇಟ್ಟುಕೊಳ್ಳಬಾರದು. ಮನೆಯ ಮಾಲೀಕಳಾದವಳು ಮೊದಲ ದಿನವೇ ಗಟ್ಟಿಯಾಗಿ ಮಾತಾಡಿಬಿಡಬೇಕು ಎಂದು ನೆರೆಯವರು ಹೇಳಿಕೊಟ್ಟಿದ್ದರು. ಬಿಮಲಾ ಎಲ್ಲಕ್ಕೂ ತಲೆಯಾಡಿಸಿದಳು. ಆಕೆಗೆ ಒಂದು ಮಾತೂ ಅರ್ಥವಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ನಮ್ಮ ಮನೆಯಲ್ಲಿ ಮಂದಿಗೆ ಕೊರತೆ ಇಲ್ಲ. ಮೇಲಿನ ಅಂತಸ್ತಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ. ಎಲ್ಲರೂ ದಿನಕ್ಕೆ ಹತ್ತು ಸಲ ನನ್ನನ್ನು ಕರೆಯುತ್ತಾರೆ, ಕರೆದಾಗಲೆಲ್ಲ ಅವರಿಗೆ ಏನಾದರೊಂದು ಬೇಕಿರುತ್ತದೆ. ನೀವು ಚಹಾ ಕುಡಿದಿರಾ ಎಂದು ಕೇಳಿದವಳು ಬಾಡಿಗೆಯವಳು. ಸಂಜೆ ಡ್ಯೂಟಿ ಇಲ್ಲದ ದಿನ ಕಟ್ಟೆಯ ಮೇಲೆ ಬಿ.ಪಿ. ಮಷಿನ್ ಇಟ್ಟುಕೊಂಡು ಕೂರುತ್ತಿದ್ದಳು. ಓಣಿಯ ಹೆಂಗಸರೆಲ್ಲ ತೋಳು ಚಾಚಿಕೊಂಡು ಬರುವರು. ನಳದ ನೀರಿಗೆ ಜಗಳಾಡಿ ಮಾತು ಬಿಟ್ಟಿದ್ದ ಇಬ್ಬರು ಒಂದೇ ಕಟ್ಟೆಯಲ್ಲಿ ಕೂತು, "ನಿನಗ ಎಷ್ಟೈತಿ?" ಎಂದು ಒಬ್ಬರನ್ನೊಬ್ಬರು ಕೇಳಿದ್ದನ್ನು ನಾನೇ ನೋಡಿದ್ದೇನೆ. ಚೀಲಗಳಿದ್ದಾಗ ನಮ್ಮ ಕಟ್ಟೆಗೆ ಯಾರೂ ಬರುತ್ತಿರಲಿಲ್ಲ.

ನನ್ನದೂ ಒಂದು ಚಾಳಿ. ನಮ್ಮ ಮನೆಯಿಂದ ಯಾರೂ ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಕೂಡದು. ಒಂದು ದಿನ ಬಿಮಲಾ ಕೆಂಪು ಸೀರೆ ಉಟ್ಟು, ಕೊರಳಿಗೆ ಹಸಿರು ಮಣಿಸರ ಹಾಕಿಕೊಂಡು ಹೊರಟಳು. ಮುಖ ಬಾಡಿತ್ತು. ಏನೂ ಬೇಡವೆಂದಳು. ದುಡ್ಡು ಉಳಿಸಲು ಹೊಟ್ಟೆ ಕಟ್ಟುತ್ತಿದ್ದಾಳೆ ಎಂದುಕೊಂಡು, "ತಿನ್ನದಂಗ ಹೊಸ್ತಿಲ ದಾಟಬ್ಯಾಡ" ಎಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿ ತಟ್ಟೆಯ ಮುಂದೆ ನಾನೂ ಕೂತೆ. ಬಹಳ ಹೊತ್ತು ತಟ್ಟೆ ನೋಡಿದಳು. ಆಮೇಲೆ ಪೂರ್ತಿ ತಿಂದಳು. ಕಣ್ಣಲ್ಲಿ ನೀರಿತ್ತು. ಚಟ್ನಿ ಖಾರವಾಯಿತೇನೋ ಎಂದು ಮೊಸರು ಹಾಕಿದೆ.

ಆಕೆ ಹೋದ ಮೇಲೆ ಕೋಣೆ ಖಾಲಿ ಬಿತ್ತು. ಗೇಟಿನ ಚಿಲಕ ಸದ್ದಾದರೆ ಎದ್ದು ನೋಡುತ್ತಿದ್ದೆ. ಹಾಲಿನವನು, ಪೇಪರಿನವನು, ಇಲ್ಲವೆಂದರೆ ದನ. "ಇನ್ನ ಬಾಡಿಗಿ ಉಸಾಬರಿ ಸಾಕು. ಚೀಲ ಇಡತೀನಿ" ಎಂದರು ಯಜಮಾನರು. ರಾರಾವಿಯಿಂದ ಒಬ್ಬ ಹುಡುಗಿ, ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಕೋಣೆ ಬೇಕು ಎಂದು ಫೋನ್ ಮಾಡಿದ್ದಳು. ಊರಿಂದ ಬಂದು ಹೇಳುತ್ತೇನೆ ಎಂದು ಅವಳನ್ನು ಸಾಗಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಇನ್ನೊಬ್ಬಳನ್ನು ತಂದು ಇಟ್ಟುಕೊಂಡು, ಹಚ್ಚಿಕೊಂಡು, ಮತ್ತೆ ಬಿಟ್ಟುಕೊಡುವ ತ್ರಾಣ ಉಳಿದಿರಲಿಲ್ಲ. ನಾನು ನೇಪಾಳದಿಂದ ಬಂದ ಮೇಲೆ ಚೀಲ ಇಡಿರಿ ಎಂದು ಒಪ್ಪಿಕೊಂಡೇ ಹೊರಟೆ.

ಸಿರುಗುಪ್ಪ

ಪರದೇಶದ ದಾರಿ ನನಗೆ ಸಿರುಗುಪ್ಪದಿಂದ ಶುರುವಾಯಿತು. ಅದು ನನ್ನ ತವರು. ಅಲ್ಲಿಂದ ಅಕ್ಕಿ ತರಬೇಕಿತ್ತು.

ನಮ್ಮ ಕಡೆ ಮಗಳು ಮನೆ ಬಿಟ್ಟು ಹೊರಡುವಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಕುಪ್ಪಸದ ಕಣ ಹಾಕಿ ಉಡಿ ತುಂಬಿ ಕಳಿಸುತ್ತೇವೆ. ಬಿಮಲಾ ಬಳ್ಳಾರಿ ಬಿಡುವ ದಿನ ನಾನು ಮನೆಯಲ್ಲಿರಲಿಲ್ಲ. ಅಣ್ಣನಿಗೆ ಹುಷಾರಿಲ್ಲವೆಂದು ಸಿರುಗುಪ್ಪಕ್ಕೆ ಬಂದಿದ್ದೆ. ಆಕೆ ಬೀಗದ ಕೈಯನ್ನು ಸೊಸೆಯ ಕೈಗಿಟ್ಟು ಹೋಗಿದ್ದಳು. ಬರಿ ಸೆರಗಿನಲ್ಲಿ ಹೋದಳಲ್ಲ ಎಂಬುದು ಅಂದಿನಿಂದ ನನ್ನನ್ನು ಕೊರೆಯುತ್ತಿತ್ತು. ಮದುವೆಗೆ ಬನ್ನಿ ಎಂದು ಆಕೆ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಅಣ್ಣ ಕಾಲುವೆ ಕೆಳಗಿನ ತನ್ನ ಗದ್ದೆಯ ಅಕ್ಕಿ ತುಂಬಿಸಿಕೊಡುತ್ತ ಕೇಳಿದ, "ಅಲ್ಲವ್ವಾ, ನೇಪಾಳದಾಗ ಅಕ್ಕಿ ಸಿಗಂಗಿಲ್ಲೇನು?"

"ಸಿಗ್ತೈತಿ. ಉಡಿಗೆ ಹಾಕಾಕ ಅಂಗಡಿ ಅಕ್ಕಿ ಒಯ್ಯಲೇನು?"

"ಆಕಿ ನಿನಗ ಏನಾಗಬೇಕು?"

ನಾನು ಕೆಳಗೆ ಬಿದ್ದ ಕಾಳು ಆರಿಸತೊಡಗಿದೆ. ಅಣ್ಣ ಮತ್ತೆ ಕೇಳಲಿಲ್ಲ. ಚೀಲದ ಬಾಯಿಯನ್ನು ಮಾತ್ರ ಎರಡು ಸಲ ಹೊಲಿಸಿದ.

ಕುರುಗೋಡು

ಯಜಮಾನರು ಅಂಗಡಿ ಬಿಟ್ಟು ಬರುವವರಲ್ಲ. ಮಗನಿಗೆ ರಜೆ ಇಲ್ಲ. ಹಾಗಾಗಿ ಕುರುಗೋಡಿನಲ್ಲಿರುವ ನನ್ನ ನಾದಿನಿ ಗಂಗವ್ವನನ್ನು ಜೊತೆ ಮಾಡಿಕೊಂಡೆ. ಗಂಗಾ ಪ್ರವಾಸಕ್ಕೆ ಒಪ್ಪಿದ್ದು ಪಶುಪತಿನಾಥನ ಆಸೆಗೆ. ಬಿಮಲಾಳ ಊರು ಪಾಲ್ಪಾ, ಪಶುಪತಿನಾಥ ಇರುವುದು ಕಾಠಮಂಡುವಿನಲ್ಲಿ, ನಡುವೆ ಒಂದು ದಿನದ ಗುಡ್ಡದ ದಾರಿ ಎಂಬುದನ್ನು ನಾನು ಆಗ ಹೇಳಲಿಲ್ಲ, ಏಕೆಂದರೆ ನನಗೂ ಗೊತ್ತಿರಲಿಲ್ಲ.

ಹೊರಡುವ ಮೊದಲು ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸಲೇಬೇಕೆಂದಳು. ಒಡೆಸಿದೆವು. ಹೊರಗೆ ಬಂಡೆಯ ನೆರಳಲ್ಲಿ ಕೂತಾಗ ಆಕೆಯ ಕಣ್ಣು ಅಕ್ಕಿಯ ಚೀಲದ ಮೇಲೆ ಬಿತ್ತು.

"ಅತ್ತಿಗಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಆಕಿ ಬಾಡಿಗಿ ಕೊಟ್ಲು, ನೀವು ರೂಮು ಕೊಟ್ರಿ. ಅಲ್ಲಿಗೆ ಮುಗೀತು. ಬಾಡಿಗಿ ಕೊಟ್ಟಾಕಿಗೆ ಯಾರಾರ ಉಡಿ ತುಂಬ್ತಾರೇನು? ಅಲ್ಲಿ ಹೋಗಿ ನೀ ಸೆರಗು ಚಾಚು ಅಂದ್ರ ಆ ಮಂದಿ ನಗ್ತಾರ."

ಗಂಗಾಳ ಬಾಯಿ ಜೋರು, ಆದರೆ ಸುಳ್ಳು ಮಾತಾಡುವವಳಲ್ಲ. ಇದೇ ಅನುಮಾನ ನನಗೂ ಇತ್ತು. ತಿಂಗಳಿಗೊಮ್ಮೆ ಬಾಡಿಗೆ ಇಸಕೊಂಡ ಕೈಯಿಂದ ಉಡಿ ತುಂಬಿದರೆ ಅದು ಉಡಿಯೇ ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ರೈಲು ಹತ್ತಿದೆ. ಅಕ್ಕಿಗಿಂತ ಅದೇ ಭಾರವಾಗಿತ್ತು.

ಗಡಿ

ಎರಡು ದೇಶಗಳ ನಡುವೆ ಏನೋ ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ಒಂದು ಕಮಾನು, ಕೆಳಗೆ ಸೈಕಲ್ ರಿಕ್ಷಾ, ಲಾರಿ, ಆಡು, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು. ನಮ್ಮ ಬ್ರೂಸ್‌ಪೇಟೆಯ ಗಲ್ಲಿಯನ್ನೇ ಅಗಲ ಮಾಡಿ ನಡುವೆ ಪೊಲೀಸರನ್ನು ನಿಲ್ಲಿಸಿದ ಹಾಗಿತ್ತು. ನಾವು ಹತ್ತಿದ ರಿಕ್ಷಾ ಕಮಾನಿನ ಕೆಳಗೆ ಬರುತ್ತಿದ್ದಂತೆ ಒಂದು ಕಬ್ಬಿಣದ ಮೊನೆಗೆ ಚೀಲ ಸಿಕ್ಕಿ ಹರಿಯಿತು. ಅಣ್ಣ ಬಾಯಿ ಹೊಲಿಸಿದ್ದ, ಹರಿದದ್ದು ಹೊಟ್ಟೆ. ಅಕ್ಕಿ ಸುರಿಯುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. ಹಿಂದೆ ಬರುತ್ತಿದ್ದ ಆಡುಗಳಿಗೆ ಗೊತ್ತಾಯಿತು.

ರಿಕ್ಷಾ ನಿಲ್ಲಿಸಿ, ಎರಡು ದೇಶದ ನಟ್ಟನಡುವೆ ಕುಕ್ಕರಗಾಲಲ್ಲಿ ಕೂತು ಅಕ್ಕಿ ಬಾಚಿಕೊಂಡೆ. ಗಂಗಾ ಆಡುಗಳನ್ನು ಓಡಿಸುತ್ತಿದ್ದಳು. ಒಬ್ಬ ನೇಪಾಳಿ ಪೊಲೀಸ್ ಬಂದು ಹಿಂದಿಯಲ್ಲಿ, "ಏನಮ್ಮ, ನಮ್ಮ ದೇಶದಲ್ಲಿ ಅಕ್ಕಿ ಇಲ್ಲವೆಂದು ಯಾರು ಹೇಳಿದರು?" ಎಂದ. ಅದೇ ಪ್ರಶ್ನೆಯನ್ನು ಅಣ್ಣನೂ ಕೇಳಿದ್ದ. ಮದುವೆಗೆ ಎಂದೆ. ಯಾರ ಮದುವೆ, ಮಗಳದೇ ಎಂದ. ಹೌದೆನ್ನಲು ಬಾಯಿ ಬರಲಿಲ್ಲ, ಅಲ್ಲವೆನ್ನಲು ಮನಸ್ಸು ಬರಲಿಲ್ಲ. ಗಂಗಾ ಹರಿದ ಜಾಗಕ್ಕೆ ತನ್ನ ಸೆರಗಿನ ಪಿನ್ನು ತೆಗೆದು ಚುಚ್ಚಿದಳು. ಅರ್ಧದಷ್ಟು ಅಕ್ಕಿ ಉಳಿದಿತ್ತು.

ಪಾಲ್ಪಾ

ಬಸ್ಸು ತಿರುವು ತಿರುವಿನಲ್ಲಿ ಏರಿತು. ನಮ್ಮ ಬಳ್ಳಾರಿ ಗುಡ್ಡ ಊರ ನಡುವೆ ಸುಮ್ಮನೆ ಕೂತಿರುತ್ತದೆ, ಯಾರ ಉಸಾಬರಿಗೂ ಬರುವುದಿಲ್ಲ. ಇಲ್ಲಿ ಗುಡ್ಡದ ಮೇಲೆಯೇ ಊರು, ಊರಿನ ಮೇಲೆ ಮತ್ತೆ ಗುಡ್ಡ. ಅಂಗಡಿಗೆ ಹೋಗಬೇಕೆಂದರೂ ಮೆಟ್ಟಿಲು. ಮುದುಕಿಯರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು ನಮ್ಮನ್ನು ದಾಟಿ ಮೇಲೆ ಹೋಗುತ್ತಿದ್ದರು. ನಾವು ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಲ್ಲುತ್ತಿದ್ದೆವು.

ಬಿಮಲಾಳ ತಾಯಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ತೆಳ್ಳಗಿನ ಹೆಂಗಸು, ನನ್ನದೇ ವಯಸ್ಸು. ಅಕ್ಕಪಕ್ಕದವರಿಗೆ ನನ್ನನ್ನು ತೋರಿಸಿ, "ಘರಬೇಟಿ ಆಮಾ" ಎಂದರು. ಘರಬೇಟಿ ಎಂದರೆ ಮನೆಯ ಓನರ್ ಎಂದು ಬಿಮಲಾ ಬಳ್ಳಾರಿಯಲ್ಲೇ ಹೇಳಿಕೊಟ್ಟಿದ್ದಳು. ಗಂಗಾ ನನ್ನ ಕಡೆ ನೋಡಿದಳು. ನಾನು ಅಕ್ಕಿಯ ಚೀಲವನ್ನು ಕಾಲಿನ ಹಿಂದೆ ಸರಿಸಿದೆ. ಅಷ್ಟು ದೂರ ಬಂದದ್ದು ಓನರ್ ಅನ್ನಿಸಿಕೊಳ್ಳಲಿಕ್ಕೇ ಎಂದು ಮನಸ್ಸಿಗೆ ಚುಚ್ಚಿತು.

ನಮಗೆ ಕೊಟ್ಟ ಕೋಣೆ ಕೂಡ ಅವರು ಬಾಡಿಗೆಗೆ ಕೊಟ್ಟದ್ದೇ. ಅದರಲ್ಲಿದ್ದ ಒಬ್ಬ ಮೇಷ್ಟ್ರು ಮದುವೆ ಮುಗಿಯುವ ತನಕ ಪಕ್ಕದ ಮನೆಗೆ ಹೋಗಿದ್ದರು. ಗೂಟದಲ್ಲಿ ಅವರ ಕೋಟು, ಕಿಟಕಿಯಲ್ಲಿ ಅವರ ಬ್ರಷ್ಷು. ಬೆಳಗ್ಗೆ ಬ್ರಷ್ಷಿಗೆ ಬಂದು, ನಮ್ಮ ಕೋಣೆಗೆ ನುಗ್ಗಿದವರಂತೆ ಹತ್ತು ಸಲ ಕ್ಷಮೆ ಕೇಳಿದರು. ಬಿಮಲಾಳ ತಾಯಿ ಹೊರಗೆ ನಿಂತು ಅವರಿಗೆ ಏನೋ ಗದರುತ್ತಿದ್ದರು. ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಚಳಿಯಲ್ಲಿ ಟೋಪಿ ಇಲ್ಲದೆ ಬಂದದ್ದಕ್ಕೆ ಬೈಗುಳ ಅದು. ಬೈದು ಮುಗಿಸಿ ಬಿಸಿನೀರಿನ ತಂಬಿಗೆ ಕೊಟ್ಟರು.

"ಎಲ್ಲಾ ಕಡೆ ಓನರ್ ಮಂದಿ ಒಂದ ನಮೂನಿ ಇರ್ತಾರ ನೋಡು" ಎಂದಳು ಗಂಗಾ. ಹೊಗಳಿದಳೋ ತೆಗಳಿದಳೋ ಕೇಳಲು ಹೋಗಲಿಲ್ಲ.

ಊಟದ ಬಗ್ಗೆ ದೂರುವುದು ತಪ್ಪು. ಅನ್ನ, ಬೇಳೆ, ಸೊಪ್ಪು ಬಿಸಿಬಿಸಿ ಹಾಕಿದರು, ಸಾಕೆಂದರೂ ಹಾಕಿದರು. ಆದರೆ ಖಾರವೆಂಬುದು ನಮ್ಮ ಲೆಕ್ಕದ್ದಲ್ಲ. ಚಳಿಗೆ ನನ್ನ ಹೊಟ್ಟೆ ಬಳ್ಳಾರಿಯ ಬೆಂಕಿಯನ್ನು ಕೇಳುತ್ತಿತ್ತು.

ಮದುವೆಯ ದಿನ

ಹಗಲು ಮದುವೆ. ಬೆಳಗಾಯಿತು, ಚಹಾ ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ಇಲ್ಲ. ಮದುವೆ ಮನೆಯ ಗಡಿಬಿಡಿಯಲ್ಲಿ ನಮ್ಮನ್ನು ಮರೆತರು ಎಂದುಕೊಂಡೆವು. ಗಂಗಾ ಗಂಟು ಬಿಚ್ಚಿದಳು. ಮನೆಯಿಂದ ತಂದ ಕಟಕು ರೊಟ್ಟಿ, ಶೇಂಗಾ ಚಟ್ನಿ. ಇಬ್ಬರೂ ರಜಾಯಿ ಹೊದ್ದುಕೊಂಡು, ಸದ್ದಾಗದಂತೆ ಮುರಿದುಕೊಂಡು ತಿಂದೆವು. ಊರು ಬಿಟ್ಟ ಮೇಲೆ ಹೊಟ್ಟೆಗೆ ಸಮಾಧಾನವಾದದ್ದು ಆವತ್ತೇ.

ತಟ್ಟೆ ಒರೆಸುವಷ್ಟರಲ್ಲಿ ಬಿಮಲಾಳ ತಾಯಿ ಬಂದರು. ಕೈಯಲ್ಲಿ ತಾಮ್ರದ ಗಿಂಡಿ. ಹಿಂದಿಯಲ್ಲಿ ನಿಧಾನ ಹೇಳಿದರು. ಅವರಲ್ಲಿ ಮದುವೆಯ ದಿನ ಹುಡುಗಿಯ ಕಡೆಯ ಹಿರಿಯರೆಲ್ಲ ವಧುವರರ ಕಾಲು ತೊಳೆಯಬೇಕು. ತೊಳೆಯುವ ತನಕ ನೀರು ಕೂಡ ಮುಟ್ಟಬಾರದು. ಹೆತ್ತವರು ತೊಳೆದ ಮೇಲೆ ನೀವೇ ಬರಬೇಕು, ಮಗಳು ಹಾಗೆಂದು ಹೇಳಿದ್ದಾಳೆ. ನಿನ್ನೆಯೇ ತಿಳಿಸಬೇಕಿತ್ತು, ಮರೆತೆ. ಉಪವಾಸ ನಿಮಗೆ ಕಷ್ಟವಾಯಿತೇನೋ.

ಗಂಗಾ ನನ್ನ ಕಿವಿಯ ಹತ್ತಿರ ಬಂದಳು. "ಹೇಳಬ್ಯಾಡ ಅತ್ತಿಗಿ. ಬಾಯಿ ಒರಸ್ಕೊ. ಯಾರಿಗೆ ಗೊತ್ತಾಗ್ತೈತಿ?"

ಒರೆಸಿಕೊಂಡೆ. ಕೈಗೆ ಚಟ್ನಿಪುಡಿ ಹತ್ತಿತು. ಏನು ಕೇಳಲು ಗಡಿ ದಾಟಿ ಬಂದಿದ್ದೆನೋ ಅದು ತಾನಾಗಿ ಬಾಗಿಲಿಗೆ ಬಂದಿತ್ತು. ಸುಮ್ಮನಿದ್ದರೆ ಸಿಗುತ್ತಿತ್ತು. ಆದರೆ ಬಿಮಲಾಳ ತಾಯಿಯ ಒಣಗಿದ ತುಟಿ ನೋಡಿದೆ. ಮಗಳಿಗಾಗಿ ಹಸಿದು ನಿಂತವಳ ಎದುರು ತುಂಬಿದ ಹೊಟ್ಟೆ ಮುಚ್ಚಿಟ್ಟುಕೊಂಡು ಹೋಗುವುದು ನನ್ನಿಂದ ಆಗಲಿಲ್ಲ. ನನ್ನ ಹರಕು ಹಿಂದಿಯಲ್ಲಿ ತಿಂದುಬಿಟ್ಟೆ ಎಂದೆ. ಗಿಂಡಿ ಹಿಡಿದ ಕೈ ಕೆಳಗಾಯಿತು. ಆಕೆ ಚಪ್ಪರದ ಕಡೆ ಹೋದರು.

ನಾವೂ ಹಿಂದೆ ಹೋಗಿ ಹೆಂಗಸರ ನಡುವೆ ನಿಂತೆವು. ಒಬ್ಬೊಬ್ಬರೇ ಬಂದು ಇಬ್ಬರ ಕಾಲು ತೊಳೆದು, ಬಿಮಲಾಳ ಪಾದಕ್ಕೆ ಹಣೆ ಹಚ್ಚುತ್ತಿದ್ದರು. ಚಿಕ್ಕಪ್ಪ, ಸೋದರಮಾವ, ಕೋಲೂರಿಕೊಂಡ ಅಜ್ಜಿ ಕೂಡ. ನಮ್ಮಲ್ಲಿ ಮಗಳು ಹೆತ್ತವರ ಕಾಲಿಗೆ ಬೀಳುತ್ತಾಳೆ. ಇಲ್ಲಿ ಹೆತ್ತವರೇ ಮಗಳ ಕಾಲಿಗೆ ಬೀಳುತ್ತಾರೆ. ನೋಡುತ್ತ ನಿಂತಷ್ಟೂ ಕಾಲು ನೋಯುತ್ತಿತ್ತು. ಎಲ್ಲಿಯಾದರೂ ಕೂತರೆ ಸಾಕು, ಊರಿಗೆ ಹೋದರೆ ಸಾಕು, ಆ ಕೋಣೆಗೆ ಚೀಲ ತುಂಬಿ ಬಾಗಿಲು ಹಾಕಿದರೆ ಸಾಕು ಅನ್ನಿಸಿತು.

ತಾಯಿ ಬಗ್ಗಿ ಬಿಮಲಾಳ ಕಿವಿಯಲ್ಲಿ ಏನೋ ಹೇಳಿದರು. ಆಕೆ ತಲೆ ಎತ್ತಿ ಮಂದಿಯ ನಡುವೆ ನನ್ನನ್ನು ಹುಡುಕಿದಳು.

"ಆಂಟಿ, ಏನು ತಿಂದ್ರಿ?"

ಆ ಗುಡ್ಡದ ಮೇಲೆ, ಆ ಚಳಿಯಲ್ಲಿ, ಮದುಮಗಳ ಬಾಯಲ್ಲಿ ನಮ್ಮ ಬಳ್ಳಾರಿ ಮಾತು. ನಾಚಿಕೆಯಾಗಿ, "ರೊಟ್ಟಿ" ಎಂದೆ.

"ಶೇಂಗಾ ಚಟ್ನಿ?"

"ಹೂಂ."

ಆಕೆ ನಕ್ಕಳು. ಮದುಮಗಳು ಹಾಗೆ ನಗಬಾರದೇನೋ, ಹೆಂಗಸರು ತಿರುಗಿ ನೋಡಿದರು.

"ನಾನು ಕೆಂಪು ಸೀರಿ ಉಟ್ಟು ಡ್ಯೂಟಿಗೆ ಹೊಂಟಿದ್ದೆ, ನೆನಪೈತೇನ್ರಿ? ಅವತ್ತು ನಮ್ಮ ತೀಜ್ ಹಬ್ಬ. ನೀರು ಸೈತ ಕುಡಿಯಂಗಿಲ್ಲ. ಒಳ್ಳೆ ಗಂಡ ಸಿಗಲಿ ಅಂತ ಹಿಡಿಯೋ ಉಪಾಸ ಅದು. ನೀವು ರೊಟ್ಟಿ ಹಾಕಿ ಮುಂದ ಕುಂತ್ರಿ. ತಿಂದೆ."

ನಾನು ಹಣೆ ಚಚ್ಚಿಕೊಂಡೆ. "ಅಯ್ಯ ನನ್ನವ್ವ, ಒಂದು ಮಾತು ಹೇಳಬಾರದಾಗಿತ್ತೇನು?"

"ಹೆಂಗ ಹೇಳಲ್ರಿ? ಊರು ಬಿಟ್ಟು ಬಂದ ಮ್ಯಾಲೆ ಉಣ್ಣು ಅಂತ ನನ್ನ ಮುಂದ ಕುಂತಾಕಿ ನೀವೊಬ್ರ." ಪಕ್ಕದಲ್ಲಿದ್ದ ಗಂಡನನ್ನು ಗದ್ದದಿಂದ ತೋರಿಸಿದಳು. "ಉಪಾಸ ಕೆಟ್ಟರೂ ಗಂಡ ಸಿಕ್ಕಾನ, ನೋಡ್ರಿ. ಇವತ್ತು ನಿಮ್ಮ ಪಾಳಿ. ಬರ್ರಿ, ಕಾಲು ತೊಳೀರಿ."

ಅದನ್ನೇ ನೇಪಾಳಿಯಲ್ಲಿ ಎಲ್ಲರಿಗೂ ಹೇಳಿದಳು. ಹೆಂಗಸರು ನಕ್ಕರು, ಗಂಡು ಹುಡುಗ ತಲೆ ತಗ್ಗಿಸಿದ. ಪುರೋಹಿತರು ಗೊಣಗಿದರು. ಬಿಮಲಾಳ ತಾಯಿ ಅವರ ಗೊಣಗಾಟ ಮುಗಿಯಲು ಕಾಯದೆ ಗಿಂಡಿ ತಂದು ನನ್ನ ಕೈಗಿಟ್ಟರು.

ಬಗ್ಗಲು ಹೋದರೆ ಮೊಣಕಾಲು ಬಗ್ಗಲಿಲ್ಲ. ಗಂಗಾ ಬಂದು ರಟ್ಟೆ ಹಿಡಿದು ಕೂರಿಸಿದಳು. ಕಾಲು ತೊಳೆದೆ. ಅರಿಸಿನ ಹಚ್ಚಿದ ಪಾದ ತಣ್ಣಗಿತ್ತು. ಹಣೆ ಹಚ್ಚಿ ಅತ್ತೆ. ಚಳಿಗೆ ಮೂಗು ಸೋರಿತೆಂದು ಆಮೇಲೆ ಗಂಗಾಳಿಗೆ ಹೇಳಿದೆ. ಆಕೆ ನಂಬಲಿಲ್ಲ.

ಎದ್ದು ನೋಡಿದರೆ ಗಂಗಾಳ ಕಂಕುಳಲ್ಲಿ ಪಿನ್ನು ಚುಚ್ಚಿದ ಆ ಅಕ್ಕಿಯ ಚೀಲ. ಯಾವಾಗ ಹೋಗಿ ತಂದಳೋ.

"ಸೆರಗು ಚಾಚು ತಂಗಿ" ಎಂದಳು ಬಿಮಲಾಳಿಗೆ. "ಸಿರುಗುಪ್ಪದ ಅಕ್ಕಿ ಐತಿ. ಅರ್ಧ ಆಡು ತಿಂದಾವ, ಉಳಿದದ್ದು ಚೆಲ್ಲಬ್ಯಾಡ."

ಮತ್ತೆ ಬಳ್ಳಾರಿ

ವಾಪಸು ಬರುವ ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಇಬ್ಬರೂ ನಿದ್ದೆ ಮಾಡಿದೆವು, ಎಚ್ಚರವಾದಾಗ ನರಳಿದೆವು. ಪಶುಪತಿನಾಥ ತಪ್ಪಿದ್ದಕ್ಕೆ ಗಂಗಾ ಕುರುಗೋಡಿನ ಬಸ್ಸು ಹತ್ತುವ ತನಕ ನನ್ನನ್ನು ಬೈದಳು.

ಮನೆಗೆ ಬಂದೆ. ಕಟ್ಟೆಯ ಮೇಲೆ ಹತ್ತಾರು ಗೋಣಿಚೀಲದ ಕಟ್ಟು ಬಂದು ಕೂತಿದ್ದವು. ಯಜಮಾನರು ಮಾತಿಗೆ ತಪ್ಪದ ಮನುಷ್ಯ, ನಾನು ಬರಲೆಂದೇ ಕಾದಿದ್ದರು. ಕೋಣೆಯ ಬೀಗದ ಕೈ ಕೇಳಿದರು. ನಾನು ಬೀಗ ತೆಗೆದು ಒಳಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡೆ. ಕಾಲು ಊದಿದ್ದವು. ಮೇಲಿನಿಂದ ಮೊಮ್ಮಗಳು ಏನೋ ಬೇಕೆಂದು ಕೂಗುತ್ತಿದ್ದಳು.

ಆಗ ಫೋನ್ ಬಂತು. ರಾರಾವಿಯ ಆ ಹುಡುಗಿ. ಸಣ್ಣ ದನಿ. "ಆಂಟಿ, ಊರಿಂದ ಬಂದ್ರೇನ್ರಿ? ರೂಮು ಐತೋ, ಹೋತೋ?"

ಯಜಮಾನರು ಒಂದು ಕಟ್ಟು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಕೈಯಿಂದಲೇ ಹೊರಗೆ ಇಳಿಸಿ ಎಂದೆ. ಅವರು ನನ್ನ ಮುಖ ನೋಡಿದರು, ಇಳಿಸಿದರು.

"ಐತವ್ವ, ಬಾ" ಎಂದೆ. ಮೋಟರು, ಮಾಂಸ, ಗೇಟು, ನೆಂಟರು, ಎಲ್ಲ ಷರತ್ತೂ ಹೇಳುವ ತ್ರಾಣ ನನಗಿರಲಿಲ್ಲ. ಆ ಕಡೆ ಹುಡುಗಿ ಕಾಯುತ್ತಿದ್ದಳು.

"ಒಂದು ಮಾತ್ರ ಈಗ ಹೇಳಿಬಿಡು ತಂಗಿ. ನೀ ಯಾವ್ಯಾವ ದಿನ ಉಪಾಸ ಇರ್ತಿ?"